ಹೂ ಮುಗಿದ ಕುಂಡ

ಹೂವಿರುವ ಕುಂಡಕ್ಕೆ ನಡುಮನೆಯಲ್ಲಿ ಸ್ಥಾನ. ಹೂ ಮುಗಿದ ಕುಂಡಕ್ಕೆ ಹಿತ್ತಿಲ ಬಾಗಿಲು. ಇದು ಎಲ್ಲ ದೇಶಗಳ ರೂಢಿಯೂ ಇದ್ದೀತು. ಆದರೆ ಯೂರೋಪಿನ ಉತ್ತರದ ನಾಡುಗಳಲ್ಲಿ, ಅದರಲ್ಲಿಯೂ ಇಂಗ್ಲೆಂಡು ಹಾಲೆಂಡುಗಳಲ್ಲಿ, ಇದು ವರ್ಷವರ್ಷವೂ ತಪ್ಪದೆ ನಡೆಯುವ ಒಂದು ವಿಧಿಯಂತಾಗಿದೆ. ಫೆಬ್ರವರಿಯ ಮಬ್ಬು ಇನ್ನೂ ಹರಿದಿರುವುದಿಲ್ಲ, ಮರಗಳ ಮೇಲೆ ಎಲೆಯ ಸುಳಿವಿಲ್ಲ. ಅಷ್ಟರಲ್ಲಿ ಅಂಗಡಿಗಳ ಬಾಗಿಲಲ್ಲಿ ಅಂಗೈಯಗಲದ ಕುಂಡಗಳು ಸಾಲುಗಟ್ಟಿ ಕುಳಿತಿರುತ್ತವೆ. ಹಳದಿಯ ಡ್ಯಾಫೊಡಿಲ್, ನೀಲಿಯ ಹಯಸಿಂತ್, ಕೆಂಪಿನ ಟ್ಯೂಲಿಪ್. ಜನ ಅವನ್ನು ಕೊಳ್ಳುತ್ತಾರೆ, ಕಾಯಿಲೆ ಬಿದ್ದವರಿಗೆ ಒಯ್ದು ಕೊಡುತ್ತಾರೆ, ಕಿಟಕಿಯ ಹಲಗೆಯ ಮೇಲಿಟ್ಟು ಕಣ್ಣು ತಣಿಸಿಕೊಳ್ಳುತ್ತಾರೆ. ಹತ್ತು ದಿನ, ಹೆಚ್ಚೆಂದರೆ ಹದಿನೈದು ದಿನ. ಅನಂತರ ದಳಗಳು ಬಾಡುತ್ತವೆ, ದಂಟು ಬಾಗುತ್ತದೆ, ನೀಳವಾದ ಎಲೆಗಳು ಕುಂಡದ ಅಂಚಿಗೆ ಒರಗಿ ಕೆದರಿದ ಕೂದಲಿನಂತೆ ಇಳಿಬೀಳುತ್ತವೆ. ಆ ಎಲೆಗಳ ಗತಿಯೇನಾಗಬೇಕು ಎಂಬುದೇ ಈ ಬರಹದ ವಿಷಯ.

ಕನ್ನಡ ಪಾಠ ಹೇಳುವವನಿಗೆ ಈ ಉಸಾಬರಿ ಏಕೆ ಎಂದು ವಾಚಕರು ಕೇಳಬಹುದು. ಇಂಗ್ಲೆಂಡಿನಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೂರು ವರ್ಷಗಳ ಹಿಂದೆ ಒಂದು ಕಾಗದ ಬರೆದಳು. ಆಕೆಯ ತಾಯಿ ಚಳಿಗಾಲವನ್ನು ಮಗಳ ಮನೆಯಲ್ಲಿ ಕಳೆದು, ಊರಿಗೆ ಹೊರಡುವ ಮುನ್ನ ಪೇಟೆಯಿಂದ ಒಂದು ಕುಂಡ ಡ್ಯಾಫೊಡಿಲ್ ತಂದಿಟ್ಟು ಹೊರಟರಂತೆ. ಊರು ಸೇರಿದ ತಿಂಗಳಿಗೇ ಅವರು ತೀರಿಕೊಂಡರು. ಅಷ್ಟು ಹೊತ್ತಿಗೆ ಹೂವೂ ಮುಗಿದಿತ್ತು. “ಎಸೆಯಲು ಮನಸ್ಸು ಬಾರದು, ಉಳಿಸಲು ದಾರಿ ತಿಳಿಯದು, ನಿಮ್ಮ ಮನೆಯಲ್ಲಿ ಬಹಳ ಕುಂಡಗಳಿದ್ದವಲ್ಲ, ಏನು ಮಾಡಲಿ ಹೇಳಿ” ಎಂದು ಆಕೆಯ ಪ್ರಶ್ನೆ. ಬಲ್ಲಷ್ಟನ್ನೂ ಓದಿ ತಿಳಿದಷ್ಟನ್ನೂ ಕೂಡಿಸಿ ಉತ್ತರ ಬರೆದೆ. ಅದನ್ನೇ ಇಲ್ಲಿ ಸ್ವಲ್ಪ ಹಿಗ್ಗಿಸಿ ಹೇಳುತ್ತಿದ್ದೇನೆ.

ಮೊದಲು ಒಂದು ಮಾತಿನ ಮಾತು. ಈ ಗಿಡಗಳ ಬುಡದಲ್ಲಿರುವುದನ್ನು ನಾವು ಗೆಡ್ಡೆ ಎಂದುಬಿಡುತ್ತೇವೆ. ಆಲೂಗೆಡ್ಡೆಯೂ ಗೆಡ್ಡೆಯೇ, ಸುವರ್ಣಗೆಡ್ಡೆಯೂ ಗೆಡ್ಡೆಯೇ. ಸಸ್ಯಶಾಸ್ತ್ರದ ಕಣ್ಣಿಗೆ ಇವು ಬೇರೆ ಬೇರೆ. ಈ ವಸಂತದ ಹೂಗಳ ಗೆಡ್ಡೆಗೆ ಸರಿಹೊಂದುವ ಅಚ್ಚ ಮಾತು ನಮ್ಮಲ್ಲಿ ಇಲ್ಲದೆ ಇಲ್ಲ: ಬೆಳ್ಳುಳ್ಳಿ, ನೀರುಳ್ಳಿಗಳಲ್ಲಿ ಅಡಗಿ ಕುಳಿತಿರುವ ‘ಉಳ್ಳಿ.’ ಧಾರವಾಡದ ಕಡೆಯವರು ಉಳ್ಳಾಗಡ್ಡಿ ಎಂದು ಎರಡನ್ನೂ ಕೂಡಿಸಿ ಹೇಳುತ್ತಾರೆ. ಒಂಟಿಯಾಗಿ ‘ಉಳ್ಳಿ’ ಎಂದರೆ ಇಂದಿನ ವಾಚಕರು ಎಡವಿಯಾರೆಂದು ನಾನೂ ಗೆಡ್ಡೆ ಎಂದೇ ಹೇಳುತ್ತೇನೆ. ಆದರೆ ಮನಸ್ಸಿನಲ್ಲಿ ಈರುಳ್ಳಿಯ ಚಿತ್ರವಿರಲಿ.

ಒಂದು ಈರುಳ್ಳಿಯನ್ನು ಉದ್ದುದ್ದಕ್ಕೆ ಸೀಳಿ ನೋಡಿದರೆ ವಿಷಯವೆಲ್ಲ ಅಲ್ಲಿಯೇ ಇದೆ. ತಳದಲ್ಲಿ ಬೇರು ಬಿಡುವ ತೆಳು ಬಿಲ್ಲೆಯೊಂದು ಕಾಣುತ್ತದೆ. ಕಾಂಡವೆಂಬುದು ಅಷ್ಟೆ, ಒತ್ತಿ ಚಪ್ಪಟೆಯಾದದ್ದು. ಅದರ ಮೇಲೆ ಒಂದರೊಳಗೊಂದು ಅಡಗಿರುವ ದಪ್ಪ ಪದರಗಳು ಎಲೆಯ ಬುಡಗಳೇ. ಹಸಿರನ್ನು ಬಿಟ್ಟು ಆಹಾರವನ್ನು ಹೊತ್ತ ಎಲೆಗಳು. ನಡುವಿನಲ್ಲಿ ಮೊಳಕೆ. ಡ್ಯಾಫೊಡಿಲ್, ಹಯಸಿಂತ್, ಟ್ಯೂಲಿಪ್‌ಗಳ ಗೆಡ್ಡೆಯ ಕಟ್ಟಡವೂ ಇದೇ. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಹಿಂದೆ ಹಗೇವು ಎಂಬುದಿತ್ತು: ನೆಲವನ್ನು ಆಳವಾಗಿ ತೋಡಿ, ಒಳಗೆ ಜೋಳ ರಾಗಿ ತುಂಬಿ, ಬಾಯಿ ಮುಚ್ಚಿ, ಬರಗಾಲಕ್ಕೆಂದು ಇಡುತ್ತಿದ್ದ ಕಣಜ. ಈ ಗೆಡ್ಡೆಯೂ ಅಂಥ ಹಗೇವೇ. ಫೆಬ್ರವರಿಯ ಬೆಳಕಿಲ್ಲದ ದಿನಗಳಲ್ಲಿ, ಎಲೆಯಿನ್ನೂ ದುಡಿಯಲು ತೊಡಗುವ ಮೊದಲೇ, ಗಿಡ ಅಷ್ಟು ದೊಡ್ಡ ಹೂವನ್ನು ಎತ್ತಿ ನಿಲ್ಲಿಸುವುದು ಈ ಕೂಡಿಟ್ಟ ಧಾನ್ಯದ ಬಲದಿಂದ. ಹೂವರಳಿ ಮುಗಿಯುವ ಹೊತ್ತಿಗೆ ಹಗೇವಿನ ಬಹುಪಾಲು ಬರಿದಾಗಿರುತ್ತದೆ. ಮತ್ತೆ ತುಂಬುವವರು ಯಾರು? ಆ ಅಂದಗೆಟ್ಟ ಎಲೆಗಳೇ.

ಈ ಒಂದು ಸಂಗತಿ ಮನಸ್ಸಿಗೆ ಹತ್ತಿದರೆ ಆರೈಕೆಯ ನಿಯಮಗಳನ್ನು ಬಾಯಿಪಾಠ ಮಾಡಬೇಕಾದ್ದಿಲ್ಲ. ಹೂ ಬಿದ್ದ ಮೇಲೆ ಎಲೆಯನ್ನು ಕತ್ತರಿಸಕೂಡದು ಏಕೆಂಬುದು ತಾನಾಗಿ ಹೊಳೆಯುತ್ತದೆ. ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯು ಹೂ ಮುಗಿದ ಮೇಲೆ ಕನಿಷ್ಠ ಆರು ವಾರ ಎಲೆಗಳನ್ನು ಮುಟ್ಟಬೇಡಿರೆನ್ನುತ್ತದೆ. ಆದರೆ ಅಚ್ಚುಕಟ್ಟುತನವೆಂಬುದೊಂದು ಇದೆಯಲ್ಲ, ಅದು ಸುಮ್ಮನಿರಬಿಡದು. ಡ್ಯಾಫೊಡಿಲ್ಲಿನ ಎಲೆಗಳನ್ನು ಒಟ್ಟುಗೂಡಿಸಿ ಗಂಟು ಹಾಕುವುದು, ಹೆಣ್ಣುಮಕ್ಕಳ ಜಡೆಯಂತೆ ಹೆಣೆಯುವುದು, ರಬ್ಬರು ಬಳೆ ತೊಡಿಸುವುದು ಆ ನಾಡಿನ ತೋಟಗಾರರಲ್ಲಿ ಬಹುಕಾಲ ನಡೆದುಬಂದ ಬಳಕೆ. ನೋಡಲು ಓರಣವೇನೋ ಹೌದು. ಆದರೆ ಮಡಿಸಿದ ಎಲೆ ಬೆಳಕಿಗೆ ಅಂಗೈ ಚಾಚಲಾರದು. ದುಡಿಯುವವನ ಕೈಕಟ್ಟಿ ಕೂಲಿಗೆ ಕಳಿಸಿದಂತೆ ಅದು.

ಕತ್ತರಿಸಬೇಕಾದ್ದು ಒಂದೇ: ಬಾಡಿದ ಹೂವಿನ ತಲೆ. ಅದನ್ನು ಬಿಟ್ಟರೆ ಹಿಂದಿನ ಹಸಿರು ಗುಬುಟು ಬೀಜಗಟ್ಟಲು ತೊಡಗುತ್ತದೆ. ಎಲೆ ದುಡಿದದ್ದರಲ್ಲಿ ಒಂದು ಪಾಲು ಗೆಡ್ಡೆಗಿಳಿಯದೆ ಬೀಜಕ್ಕೆ ಹೋಗುತ್ತದೆ. ತಲೆಯನ್ನಷ್ಟೇ ಚಿವುಟಿ, ದಂಟು ಹಸಿರಾಗಿರುವವರೆಗೆ ದಂಟನ್ನು ಬಿಡಬೇಕು, ಅದೂ ದುಡಿಯುವುದರಿಂದ. ಹಾಲೆಂಡಿನ ಗೆಡ್ಡೆಯ ಬೇಸಾಯಗಾರರು ಇದನ್ನೇ ಎಕರೆಗಟ್ಟಲೆ ನಡೆಸುತ್ತಾರೆ. ಏಪ್ರಿಲ್ ಮೇ ತಿಂಗಳಲ್ಲಿ ಕಣ್ಣು ಕೋರೈಸುವಂತೆ ಅರಳಿ ನಿಂತ ಟ್ಯೂಲಿಪ್ ಹೊಲದ ಮೇಲೆ ಯಂತ್ರವನ್ನೋಡಿಸಿ ಹೂಗಳ ತಲೆಯನ್ನೆಲ್ಲ ಹಾರಿಸಿಬಿಡುತ್ತಾರೆ. ಎಲೆಗಳು ಹಾಗೆಯೇ ನಿಂತಿರುತ್ತವೆ. ನೋಡಲು ಬಂದ ಪರದೇಶದ ಯಾತ್ರಿಕರು ಎದೆಯೊಡೆದು ನಿಲ್ಲುವುದುಂಟಂತೆ. ಬೇಸಾಯಗಾರನಿಗಾದರೋ ಹೂವು ಜಾತಿ ಸರಿಯಿದೆಯೇ, ರೋಗ ತಗುಲಿದೆಯೇ ಎಂದು ನೋಡಿಕೊಳ್ಳುವುದಕ್ಕೊಂದು ಗುರುತು. ಅವನು ಮಾರುವುದು ಗೆಡ್ಡೆಯನ್ನು. ಜೂನ್ ಜುಲೈಯಲ್ಲಿ ಅದನ್ನು ಅಗೆದು ತೆಗೆಯುವವರೆಗೆ ಅವನ ಹಣವೆಲ್ಲ ಎಲೆಯ ಮೇಲೆ ನಿಂತಿದೆ.

ಗೆಡ್ಡೆಯಲ್ಲಿ ಕೂಡಿಡುವುದು ಅನ್ನವೇ ಎಂಬುದಕ್ಕೆ ಆ ದೇಶದ ಚರಿತ್ರೆ ಒಂದು ಕಠಿಣವಾದ ಸಾಕ್ಷಿಯನ್ನು ಹೇಳುತ್ತದೆ. ೧೯೪೪-೪೫ರ ಚಳಿಗಾಲ. ಜರ್ಮನ್ ಸೈನ್ಯ ಹಾಲೆಂಡಿನ ಪಶ್ಚಿಮ ಭಾಗದ ನಗರಗಳಿಗೆ ಆಹಾರ ಸಾಗದಂತೆ ತಡೆಯಿತು. ಹಸಿವಿನ ಚಳಿಗಾಲವೆಂದು ಅದಕ್ಕೆ ಹೆಸರಾಯಿತು. ಸತ್ತವರು ಇಪ್ಪತ್ತು ಸಾವಿರದಷ್ಟೆಂದು ಎಣಿಸುತ್ತಾರೆ. ಯುದ್ಧದಿಂದಾಗಿ ಮಾರಾಟವಾಗದೆ ಉಳಿದ ಟ್ಯೂಲಿಪ್ ಗೆಡ್ಡೆಗಳನ್ನು ಆಗ ಜನ ಬೇಯಿಸಿ ತಿಂದರು, ಒಣಗಿಸಿ ಹಿಟ್ಟು ಮಾಡಿದರು, ಸಾರಿಗೆ ಹಾಕಿದರು. ನಡುವಿನ ಹಳದಿಯ ಮೊಳಕೆಯನ್ನು ಕಿತ್ತು ತೆಗೆಯಬೇಕು, ಅದು ನಂಜು ಎಂದು ತಿಳುವಳಿಕೆ ಹೇಳುತ್ತಿದ್ದರು. ೧೬೩೭ರ ಫೆಬ್ರವರಿಯಲ್ಲಿ ಕುಸಿದುಬಿದ್ದ ಪ್ರಸಿದ್ಧವಾದ ಟ್ಯೂಲಿಪ್ ಹುಚ್ಚಿನಲ್ಲಿ ಕಣ್ಣಿಗೆ ಕಾಣದೆ ಮಣ್ಣಿನೊಳಗಿದ್ದ ಗೆಡ್ಡೆಗಳನ್ನು ಬಾಯಿಮಾತಿನಲ್ಲಿಯೇ ಕೊಂಡು ಮಾರಿದ ನಾಡು ಅದು. ಕೊಂಡವರಿಗೂ ಮಾರಿದವರಿಗೂ ಆಗ ಅದು ಊಟದ ವಸ್ತುವೆಂದು ಹೊಳೆದಿರಲಾರದು. ಡ್ಯಾಫೊಡಿಲ್, ಹಯಸಿಂತ್‌ಗಳ ಗೆಡ್ಡೆಯಾದರೋ ವಿಷವೇ. ಅಡುಗೆಮನೆಯ ಈರುಳ್ಳಿಯ ಬಳಿ ಅವನ್ನು ಇಡಕೂಡದು. ಹಯಸಿಂತಿನ ಒಣಸಿಪ್ಪೆ ತಗುಲಿದರೆ ಕೈ ತುರಿಸುತ್ತದೆ. ಸುವರ್ಣಗೆಡ್ಡೆ ಹೆಚ್ಚಿದಾಗ ತುರಿಸುವುದಕ್ಕೆ ಕಾರಣವಾದ ಸೂಜಿಯಂಥ ಹರಳುಗಳೇ ಇಲ್ಲಿಯೂ ಇವೆ.

ಇನ್ನು ಕುಂಡದ ಮಾತು. ತೋಟದ ನೆಲದಲ್ಲಿರುವ ಗೆಡ್ಡೆ ತನ್ನ ಪಾಡು ತಾನು ನೋಡಿಕೊಂಡೀತು. ಕುಂಡದಲ್ಲಿರುವುದು ಸಾಕಿದವನನ್ನೇ ನಂಬಿದೆ. ಅಂಗಡಿಯ ಕುಂಡದಲ್ಲಿ ಗೆಡ್ಡೆಗಳನ್ನು ಒಂದಕ್ಕೊಂದು ಒತ್ತರಿಸಿ, ಅರ್ಧ ಮೇಲೆ ಕಾಣುವಂತೆ ತುರುಕಿರುತ್ತಾರೆ, ಮಣ್ಣೆಂಬುದು ಹೆಸರಿಗಷ್ಟೆ. ಹೂವಿಗೆ ಅದು ಸಾಕು, ಏಕೆಂದರೆ ಹೂವಿನ ಖರ್ಚೆಲ್ಲ ಗೆಡ್ಡೆಯದೇ. ಎಲೆ ದುಡಿಯುವ ಕಾಲಕ್ಕೆ ಅದು ಸಾಲದು. ಹೂ ಬಿದ್ದೊಡನೆ ಬೇರಿನ ಹೆಂಟೆ ಒಡೆಯದಂತೆ ಇಡಿಯಾಗಿ ಎತ್ತಿ, ಸ್ವಲ್ಪ ಆಳವಾದ ಕುಂಡಕ್ಕೆ ಇಳಿಸಿ, ಸುತ್ತಲೂ ಒಳ್ಳೆಯ ಮಣ್ಣು ತುಂಬುವುದು ಮೇಲು. ಬೆಚ್ಚನೆಯ ಕೋಣೆಯಲ್ಲಿ ಬೆಳೆದ ಎಲೆ ಕೋಮಲವಾಗಿರುತ್ತದೆ. ಒಮ್ಮೆಲೇ ಹೊರಗಿನ ಹಿಮಕ್ಕೆ ಒಡ್ಡಿದರೆ ಸುಟ್ಟಂತಾಗುತ್ತದೆ. ಮೊದಲು ತಣ್ಣನೆಯ ಬೆಳಕುಳ್ಳ ಕಿಟಕಿ, ಆಮೇಲೆ ಗೋಡೆಯ ಮರೆ, ಆಮೇಲೆ ಬಯಲು; ಹೀಗೆ ಕ್ರಮವಾಗಿ ಪಳಗಿಸಬೇಕು. ಹೂ ಹೋಯಿತೆಂದು ನೀರು ನಿಲ್ಲಿಸುವುದು ಎಲ್ಲರೂ ಮಾಡುವ ಕೆಲಸ, ಎಲ್ಲಕ್ಕಿಂತ ಕೆಟ್ಟ ಕೆಲಸ. ಎಲೆ ಹಸಿರಾಗಿರುವ ತನಕ ಮಣ್ಣು ಒಣಗಬಾರದು. ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಪೊಟ್ಯಾಷ್ ಹೆಚ್ಚಾಗಿರುವ ದ್ರವಗೊಬ್ಬರ ಕೊಡಬೇಕು. ಅಲ್ಲಿಯವರು ಟೊಮೇಟೊ ಗಿಡಕ್ಕೆ ಹಾಕುವ ಗೊಬ್ಬರವನ್ನೇ ಬಳಸುತ್ತಾರೆ. ಸಾರಜನಕವೇ ಹೆಚ್ಚಾಗಿರುವ ಗೊಬ್ಬರದಿಂದ ಎಲೆ ಕೊಬ್ಬೀತು, ಗೆಡ್ಡೆ ಸೊರಗೀತು.

ಎಲೆ ಹಳದಿಯಾಗಲು ತೊಡಗಿದಾಗ ನೀರನ್ನು ಕಡಮೆ ಮಾಡುತ್ತ ಬಂದು, ಪೂರ್ತಿ ಒಣಗಿದ ಮೇಲೆ ನಿಲ್ಲಿಸಬೇಕು. ಇಲ್ಲಿ ಹಲವರ ಮರುಕ ಅಡ್ಡ ಬರುತ್ತದೆ. ಸಾಯುತ್ತಿದೆಯೆಂದು ತಿಳಿದು ಇನ್ನಷ್ಟು ನೀರೆರೆಯುತ್ತಾರೆ, ಗೆಡ್ಡೆ ಕೊಳೆಯುತ್ತದೆ. ಗಿಡದ ತವರೂರು ತಿಳಿದರೆ ಈ ಹಳದಿ ಭಯಹುಟ್ಟಿಸದು. ಟ್ಯೂಲಿಪ್ ಹಾಲೆಂಡಿನ ಸಸ್ಯವಲ್ಲ. ಮಧ್ಯ ಏಷ್ಯದ ತಿಯೆನ್ ಷಾನ್ ಮೊದಲಾದ ಬೆಟ್ಟಸಾಲುಗಳು ಅದರ ತವರು. ತುರ್ಕರ ತೋಟಗಳನ್ನು ಹಾದು, ಪೇಟವೆಂಬರ್ಥದ ಮಾತಿನಿಂದ ಹೆಸರು ಪಡೆದು, ಕ್ಲೂಸಿಯಸ್ ಎಂಬ ಸಸ್ಯಶಾಸ್ತ್ರಜ್ಞನ ಕೈಯಿಂದ ಲೈಡನ್ ವಿಶ್ವವಿದ್ಯಾಲಯದ ತೋಟದಲ್ಲಿ ಬೇರೂರಿ ೧೫೯೪ರಲ್ಲಿ ಹೂಬಿಟ್ಟಿತು. ತವರಿನ ಬೆಟ್ಟಗಳಲ್ಲಿ ಚಳಿಗಾಲವೆಲ್ಲ ಹಿಮ. ಹಿಮ ಕರಗಿದ ನೀರಿನಲ್ಲಿ ಎರಡು ಮೂರು ತಿಂಗಳ ವಸಂತ. ಆಮೇಲೆ ಕಲ್ಲು ಕಾಯುವ ಬೇಸಗೆ. ಆ ಬೇಸಗೆಯಲ್ಲಿ ಎಲೆಯಿಟ್ಟುಕೊಂಡು ಬದುಕಲಾಗದು. ಆದ್ದರಿಂದ ಗಿಡ ನೆಲದ ಮೇಲಿನ ಸಂಸಾರವನ್ನೆಲ್ಲ ಒಳಕ್ಕೆ ಸೆಳೆದುಕೊಂಡು ಬಾಗಿಲು ಹಾಕಿಕೊಳ್ಳುತ್ತದೆ.

ನಮ್ಮ ಕಾಶ್ಮೀರದ ಜನ ಇದನ್ನು ಶಾಸ್ತ್ರವೋದದೆಯೇ ಅರಿತಿದ್ದರು. ಅಲ್ಲಿನ ಮರದ ಮನೆಗಳ ಮಾಡಿಗೆ ಮಣ್ಣು ಹೊದಿಸಿ ಅದರಲ್ಲಿ ಟ್ಯೂಲಿಪ್ ಜಾತಿಯ ಗೆಡ್ಡೆಗಳನ್ನು ನೆಡುತ್ತಿದ್ದುದನ್ನು ೧೬೨೦ರಲ್ಲಿ ಅಲ್ಲಿಗೆ ಹೋಗಿದ್ದ ಜಹಾಂಗೀರನು ತನ್ನ ಆತ್ಮಕಥನದಲ್ಲಿ ಮೆಚ್ಚಿ ಬರೆದಿದ್ದಾನೆ. ಮನೆಯ ಮಾಡೇ ಒಂದು ದೊಡ್ಡ ಕುಂಡ. ಚಳಿಗಾಲದಲ್ಲಿ ಹಿಮದ ಹೊದಿಕೆ, ಬೇಸಗೆಯಲ್ಲಿ ಬಿಸಿಲಿಗೆ ಕಾದು ಒಣಗಿದ ತೆಳು ಮಣ್ಣು; ಯಾರೂ ಮುಟ್ಟುವವರಿಲ್ಲ, ಓರಣ ಮಾಡುವವರಿಲ್ಲ. ೨೦೦೭ರಲ್ಲಿ ಶ್ರೀನಗರದ ಜಬರ್ವಾನ್ ಬೆಟ್ಟದ ತಪ್ಪಲಲ್ಲಿ ತೆರೆದ ಟ್ಯೂಲಿಪ್ ತೋಟದ ಸೊಬಗನ್ನು ಕಂಡವರು ಹೊಗಳುತ್ತಾರೆ. ನನಗೇನೋ ಆ ಮಣ್ಣಿನ ಮಾಡುಗಳೇ ಹೆಚ್ಚು ಜಾಣತನದವೆಂದು ತೋರುತ್ತದೆ.

ಬಾಗಿಲು ಹಾಕಿಕೊಂಡ ಗೆಡ್ಡೆ ನಿದ್ರಿಸುತ್ತಿದೆಯೆನ್ನುವುದು ರೂಢಿಯ ಮಾತು. ಹಾಲೆಂಡಿನ ವಾಗೆನಿಂಗೆನ್ನಿನಲ್ಲಿದ್ದ ಬ್ಲಾವ್ ಎಂಬ ವಿಜ್ಞಾನಿ ೧೯೨೦ರ ದಶಕದಲ್ಲಿ ಹಯಸಿಂತ್, ಟ್ಯೂಲಿಪ್ ಗೆಡ್ಡೆಗಳನ್ನು ಕಾಲಕಾಲಕ್ಕೆ ಸೀಳಿ ಪರೀಕ್ಷಿಸಿ ಒಳಗಿನ ದಿನಚರಿಯನ್ನು ಬಿಡಿಸಿಟ್ಟನು. ಹೊರಗೆ ಒಣ ಸಿಪ್ಪೆಯ ಉಂಡೆಯಂತೆ ಬಿದ್ದಿರುವಾಗಲೇ ಒಳಗೆ ಮುಂದಿನ ವರ್ಷದ ಹೂವು ರೂಪುಗೊಳ್ಳುತ್ತಿರುತ್ತದೆ: ಮೊದಲು ಹೊರದಳ, ಆಮೇಲೆ ಒಳದಳ, ಕೇಸರ, ಕೊನೆಗೆ ಅಂಡಕೋಶ. ಟ್ಯೂಲಿಪ್ಪಿಗೆ ಈ ಕೆಲಸ ನಡೆಯಲು ೧೭ರಿಂದ ೨೦ ಡಿಗ್ರಿಯ ಹದವಾದ ಬೆಚ್ಚಗು ಬೇಕು. ಹಯಸಿಂತಿಗೆ ೨೫ರ ಸುಮಾರು. ಇಂದಿಗೂ ಬೇಸಾಯಗಾರರು ಗೆಡ್ಡೆಗಳನ್ನು ತಣ್ಣನೆಯ ಕೋಣೆಗೆ ಸಾಗಿಸುವ ಮುನ್ನ ಒಂದೆರಡನ್ನು ಸೀಳಿ, ಮಸೂರದ ಕೆಳಗಿಟ್ಟು, ಮೂರು ಮೂಲೆಯ ಅಂಡಕೋಶ ಮೂಡಿದೆಯೇ ಎಂದು ನೋಡುತ್ತಾರೆ. ಡ್ಯಾಫೊಡಿಲ್ ಇನ್ನೂ ಆತುರದ್ದು. ಎಲೆ ಹಸಿರಾಗಿರುವಾಗಲೇ, ಮೇ ತಿಂಗಳ ಸುಮಾರಿಗೆ, ಅದು ಮರುವರ್ಷದ ಮೊಗ್ಗಿಗೆ ಕೈಹಾಕುತ್ತದೆ. ಎಲೆಯನ್ನು ಕೊಯ್ದವನು ಕಣ್ಣಿಗೆ ಕಾಣದ ಮೊಗ್ಗನ್ನೂ ಕೊಯ್ದಂತೆಯೇ.

ಹೀಗೆ ಮೊಗ್ಗಿಲ್ಲದೆ ಬರಿಯ ಎಲೆಯನ್ನೇ ಬಿಡುವ ಡ್ಯಾಫೊಡಿಲ್ಲನ್ನು ಇಂಗ್ಲಿಷರು ‘ಕುರುಡು’ ಎನ್ನುತ್ತಾರೆ. ಮೇಲ್ಮೇಲೆ ನೆಟ್ಟದ್ದು, ಬಾಯಾರಿಸಿದ್ದು, ಒತ್ತಿ ಬೆಳೆದದ್ದು, ಎಲೆ ಕೊಯ್ದದ್ದು ಇವೆಲ್ಲ ಅದಕ್ಕೆ ಕಾರಣ. ಆದರೂ ಈ ಮೂರರಲ್ಲಿ ನಂಬಲರ್ಹವಾದದ್ದು ಡ್ಯಾಫೊಡಿಲ್ಲೇ. ಅದರ ಗೆಡ್ಡೆ ವರ್ಷವರ್ಷವೂ ಹೊಸ ಪದರ ಕೂಡಿಸಿಕೊಂಡು ಬಾಳುವಂಥದು. ಕುಂಡಗಳಲ್ಲಿ ಹೆಚ್ಚಾಗಿ ಮಾರುವ ‘ಟೆಟ್-ಆ-ಟೆಟ್’ ಎಂಬ ಗಿಡ್ಡ ತಳಿಯನ್ನು ಕಾರ್ನವಾಲಿನ ಅಲೆಕ್ ಗ್ರೇ ಎಂಬಾತ ಬೆಳೆಸಿದ. ಅದು ಬಹಳ ಗಟ್ಟಿಜೀವ. ನನ್ನ ವಿದ್ಯಾರ್ಥಿನಿಯ ಕುಂಡದಲ್ಲಿದ್ದುದೂ ಅದೇ. ಐದು ಗೆಡ್ಡೆಗಳಲ್ಲಿ ಮರುವರ್ಷ ಮೂರು ಹೂಬಿಟ್ಟವು, ಎರಡು ಕುರುಡಾದವು. ಆಕೆ ಕುರುಡಾದವನ್ನೂ ಎಸೆಯಲಿಲ್ಲ. ಎಸೆಯಬೇಕಾಗಿಯೂ ಇರಲಿಲ್ಲ, ಆಳಕ್ಕೆ ನೆಟ್ಟು ಒಂದೆರಡು ವರ್ಷ ಪೋಷಿಸಿದರೆ ಅವಕ್ಕೆ ಕಣ್ಣು ಬರುವುದುಂಟು. ಎಲೆ ಒಣಗಿದಾಗ ಅದರ ಬುಡದಲ್ಲಿ ಉಳಿಯುವ ತೂತನ್ನು ಮಣ್ಣಿನಿಂದ ಮುಚ್ಚಬೇಕೆಂದು ಮಾತ್ರ ಒತ್ತಿ ಬರೆದಿದ್ದೆ. ದುಂಬಿಯ ವೇಷದ ನೊಣವೊಂದು ಮೇ ಜೂನಿನಲ್ಲಿ ಆ ಕತ್ತಿನ ಬಳಿ ಮೊಟ್ಟೆಯಿಡುತ್ತದೆ. ಮರಿಹುಳು ಒಳಹೊಕ್ಕು ಗೆಡ್ಡೆಯ ಹೃದಯವನ್ನೇ ತಿಂದು ಕೂರುತ್ತದೆ.

ಹಯಸಿಂತ್ ಎರಡನೆಯ ವರ್ಷ ಬಂದೀತು. ಮೊದಲಿನ ದಟ್ಟವಾದ ತೆನೆಯಿರದು, ನಾಲ್ಕಾರು ಹೂಗಳ ಸಡಿಲ ಗೊಂಚಲು. ಕೆಲವರಿಗೆ ಅದು ಇಳಿಕೆ. ನನಗೆ ಚಿತ್ರದಲ್ಲಿ ನೋಡಿದಷ್ಟಕ್ಕೆ ಆ ಸಡಿಲವೇ ಚೆನ್ನ. ಮಣ್ಣಿಲ್ಲದೆ ಗಾಜಿನ ಪಾತ್ರೆಯ ನೀರಿನಲ್ಲಿ ಹೂಬಿಡಿಸಿದ ಗೆಡ್ಡೆ ಬಹುಮಟ್ಟಿಗೆ ಬರಿದಾಗಿರುತ್ತದೆ. ಅದರಲ್ಲಿ ಹೆಚ್ಚಿನ ಆಸೆಯಿಡಬಾರದು. ಟ್ಯೂಲಿಪ್ಪಿನ ಕಥೆ ಬೇರೆ. ನೆಟ್ಟ ಗೆಡ್ಡೆ ಹೂವಿನೊಡನೆ ತಾನೂ ಮುಗಿದುಹೋಗಿ, ಅದರ ಜಾಗದಲ್ಲಿ ಮರಿಗೆಡ್ಡೆಗಳ ಒಂದು ಗುಂಪು ಉಳಿಯುತ್ತದೆ. ಮರಿ ತಕ್ಕಷ್ಟು ದಪ್ಪವಾಗಿದ್ದರೆ ಹೂ; ಇಲ್ಲವಾದರೆ ಒಂಟಿ ಅಗಲ ಎಲೆಯೊಂದನ್ನು ಎತ್ತಿ ಸುಮ್ಮನಾಗುತ್ತದೆ. ಕುಂಡದ ಸಣ್ಣ ಮಣ್ಣಿನಲ್ಲಿ ದಪ್ಪವಾಗುವುದು ಕಷ್ಟ. ಆದ್ದರಿಂದ ಕುಂಡದ ಟ್ಯೂಲಿಪ್ಪನ್ನು ಹೂ ಮುಗಿದ ಮೇಲೆ ಗೊಬ್ಬರದ ಗುಂಡಿಗೆ ಹಾಕುವವರನ್ನು ನಾನು ಬಯ್ಯಲಾರೆ. ಉಳಿಸಲೇಬೇಕೆಂಬ ಹಟವಿದ್ದರೆ ಎಲೆ ಒಣಗಿದ ಮೇಲೆ ಕಿತ್ತು, ಮಣ್ಣು ಉದುರಿಸಿ, ಮೆತ್ತಗಾದವನ್ನೂ ಬೂಸಲು ಹಿಡಿದವನ್ನೂ ತೆಗೆದುಹಾಕಿ, ದಪ್ಪನೆಯವನ್ನು ಗಾಳಿಯಾಡುವ ಬಲೆಚೀಲದಲ್ಲಿ ನೆರಳಿಗೆ ತೂಗುಹಾಕಬೇಕು.

ವಾಚಕರಲ್ಲಿ ಕೆಲವರು ಇಷ್ಟು ಹೊತ್ತಿಗೆ ಈ ಗೆಡ್ಡೆಗಳನ್ನು ಬೆಂಗಳೂರಿಗೆ ತರಿಸುವ ಯೋಚನೆ ಮಾಡಿದ್ದಾರು. ತಂದವರಿದ್ದಾರೆ, ಒಂದು ಸಲ ಹೂ ಕಂಡವರೂ ಇದ್ದಾರೆ. ಮರುವರ್ಷ ಕಂಡವರು ವಿರಳ. ರೂಪುಗೊಂಡ ಮೊಗ್ಗು ಮೇಲೇಳಬೇಕಾದರೆ ಟ್ಯೂಲಿಪ್ ಗೆಡ್ಡೆ ಹನ್ನೆರಡರಿಂದ ಹದಿನಾರು ವಾರ ೯ ಡಿಗ್ರಿಗಿಂತ ಮೇಲೇರದ ಚಳಿಯಲ್ಲಿ ಕಳೆಯಬೇಕು. ಬೆಂಗಳೂರಿನ ಜನವರಿಯ ರಾತ್ರಿಯೂ ಸಾಮಾನ್ಯವಾಗಿ ೧೫ ಡಿಗ್ರಿಯ ಆಸುಪಾಸು. ಶೀತಪೆಟ್ಟಿಗೆಯಲ್ಲಿಡಬಹುದೆಂದರೆ, ಅಲ್ಲಿ ಮಾಗುವ ಹಣ್ಣುಗಳು ಬಿಡುವ ಎಥಿಲೀನ್ ಅನಿಲ ಒಳಗಿನ ಮೊಗ್ಗನ್ನು ಕೊಲ್ಲುತ್ತದೆ. ನಮ್ಮ ಹವೆಗೆ ಒಗ್ಗಿದ ಗೆಡ್ಡೆಹೂವು ನಮ್ಮ ಮನೆಗಳಲ್ಲಿ ಆಗಲೇ ಇದೆ: ಮಾರ್ಚಿ ಏಪ್ರಿಲಿನಲ್ಲಿ ಕಹಳೆಯಂಥ ಕೆಂಪು ಹೂಗಳನ್ನೆತ್ತುವ, ದಕ್ಷಿಣ ಅಮೆರಿಕದಿಂದ ಬಂದ ಹಿಪಿಯಾಸ್ಟ್ರಮ್; ಅಮರಿಲಿಸ್ ಎಂದು ಕರೆದರೆ ಹೆಚ್ಚು ಮಂದಿಗೆ ತಿಳಿದೀತು. ಅದಕ್ಕೆ ಚಳಿಯ ಹಂಗಿಲ್ಲ, ಎಲೆಯ ಹಂಗುಂಟು. ನಾಲ್ಕು ಎಲೆಗೊಂದು ಹೂಗೊಂಚಲು ಎಂಬ ಲೆಕ್ಕ ಆ ಗೆಡ್ಡೆಯೊಳಗೆ ನಡೆಯುತ್ತದೆ. ಹೂ ಹೋದ ಮೇಲೆ ಮಳೆಗಾಲವೆಲ್ಲ ಎಲೆಗೆ ಬಿಸಿಲೂ ಗೊಬ್ಬರವೂ ಸಿಕ್ಕಬೇಕು; ಡಿಸೆಂಬರಿನ ಹೊತ್ತಿಗೆ ನೀರನ್ನು ಹಿಂತೆಗೆಯಬೇಕು. ಬೀರುವಿನ ಹಿಂದಿನ ಮೂಲೆಗೆ ತಳ್ಳಿದ ಕುಂಡಕ್ಕೆ ಆ ಲೆಕ್ಕ ತಪ್ಪುತ್ತದೆ.

ಚಳಿನಾಡಿನವರ ಕೆಲಸವಾದರೋ ಶರತ್ಕಾಲದಲ್ಲಿ ಮತ್ತೆ ಮೊದಲಾಗುತ್ತದೆ. ಡ್ಯಾಫೊಡಿಲ್ಲನ್ನು ಸೆಪ್ಟೆಂಬರಿನಲ್ಲಿಯೇ ಹೊಸ ಮಣ್ಣಿಗೆ ಇಳಿಸಬೇಕು, ಅದು ಬೇಗ ಬೇರು ಬಿಡುತ್ತದೆ. ಟ್ಯೂಲಿಪ್ಪನ್ನು ನವೆಂಬರಿನವರೆಗೆ ತಡೆಯುವುದು ಒಳ್ಳೆಯದು. ನೆಲ ತಣ್ಣಗಾದಷ್ಟೂ ಅದರ ಎಲೆಯನ್ನು ಸುಟ್ಟಂತೆ ಮಾಡುವ ಬೂಸಲುರೋಗದ ಭಯ ಕಡಮೆ. ಗೆಡ್ಡೆಯ ಎತ್ತರದ ಎರಡು ಮೂರರಷ್ಟು ಆಳ, ಚೂಪು ಮೇಲಕ್ಕೆ, ಒಂದಕ್ಕೊಂದು ತಾಗದಂತೆ. ಒಮ್ಮೆ ನೀರೆರೆದು ಕುಂಡವನ್ನು ಹೊರಗೆ ಚಳಿಯಲ್ಲಿ ಬಿಟ್ಟರೆ ಆಯಿತು. ಟ್ಯೂಲಿಪ್ ಇರುವ ಕುಂಡದ ಬಾಯಿಗೆ ತಂತಿಯ ಬಲೆ ಕಟ್ಟಬೇಕು, ಇಲ್ಲವಾದರೆ ಅಳಿಲುಗಳು ಅಗೆದು ಹೊತ್ತೊಯ್ಯುತ್ತವೆ. ಡ್ಯಾಫೊಡಿಲ್ಲಿನ ಕುಂಡಕ್ಕೆ ಬಲೆ ಬೇಡ. ಅದರ ವಿಷವನ್ನು ಅಳಿಲುಗಳೂ ಬಲ್ಲವು.